ಜಪಾನ್ ಪ್ರೀತಿ, ಆನ್‌ಲೈನ್ ಗೆಳೆಯರು ಮತ್ತು ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಜಪಾನ್ ಅಂದ್ರೆ ಪ್ರಾಣ ಅನ್ನುವವರು ಆನ್‌ಲೈನ್‌ನಲ್ಲಿ ಪರಿಚಯವಾಗುತ್ತಾರೆ. ರೈಲು, ದೇಗುಲ, ಚೆರ್ರಿ ಹೂವು, ರಾಮೆನ್ ಅಂತ ಶುರುವಾದ ಮಾತು ನಿಧಾನಕ್ಕೆ ಮನೆಯ ಕಷ್ಟಸುಖಕ್ಕೂ ಬರುತ್ತದೆ, ಆಮೇಲೆ ಒಂದು ದಿನ ಇವರನ್ನು ಎಷ್ಟು ನಂಬಬಹುದು, ಇವರ ಹತ್ತಿರ ಏನೆಲ್ಲ ಕೇಳಬಹುದು ಅನ್ನೋ ಗೊಂದಲ ಹುಟ್ಟುತ್ತದೆ. ಇವು ನಿಜವಾದ ಗೆಳೆತನಗಳೇ ಅಂತ ನಾನು ನಂಬುತ್ತೇನೆ. ಹಾಗಾಗಿ ಉತ್ತರ ಬರೆಯುವಾಗ ಮುಲಾಜು ನೋಡಿಲ್ಲ.

ಪ್ರಶ್ನೆ: ನಾವು ನಾಲ್ಕು ಜನ, ನಾಲ್ಕು ದೇಶದವರು. ಒಬ್ಬರನ್ನೊಬ್ಬರು ಎದುರಾಎದುರು ನೋಡಿಲ್ಲ. ಮೂರು ವರ್ಷದಿಂದ ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಜಪಾನ್ ಬಗ್ಗೆ ಹರಟುತ್ತೇವೆ. ಈಗ ಎರಡು ವಾರ ಒಟ್ಟಿಗೇ ಅಲ್ಲಿಗೆ ಹೋಗೋಣ ಅಂತ ತೀರ್ಮಾನ ಆಗಿದೆ. ಒಬ್ಬರಿಗೆ ರೈಲಿನ ಹುಚ್ಚು, ಒಬ್ಬರಿಗೆ ದೇಗುಲ, ಒಬ್ಬರಿಗೆ ತಿನ್ನೋದು, ನನಗೆ ಸುಮ್ನೆ ಗಲ್ಲಿ ಸುತ್ತೋದು. ಜಗಳ ಆಡದೆ ಹೋಗಿ ಬರುವುದು ಹೇಗೆ?

ಉತ್ತರ: ಎರಡು ವಾರದಲ್ಲಿ ಒಂದೆರಡು ಸಲ ಮುಖ ಗಂಟಿಕ್ಕುವುದು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ದುಡ್ಡಿನ ಮಾತನ್ನು ಮಾತ್ರ ಹೊರಡುವ ಮೊದಲೇ ಮುಗಿಸಿ. ಇಂಥ ಗುಂಪುಗಳಲ್ಲಿ ಮೊದಲ ಮನಸ್ತಾಪ ಬರುವುದು ರೈಲು ಪಾಸ್ ವಿಷಯಕ್ಕೆ. "ಎಲ್ಲರೂ ಜಪಾನ್ ರೈಲ್ ಪಾಸ್ ತಗೊಳ್ಳೋಣ" ಅಂತ ಒಬ್ಬರು ಹೇಳುತ್ತಾರೆ, ಉಳಿದವರು ಹೂಂ ಅನ್ನುತ್ತಾರೆ. ಆ ಪಾಸ್ ಮೊದಲಿನ ಹಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಬೆಲೆ ಒಂದೇ ಸಲಕ್ಕೆ ಏರಿ, ಏಳು ದಿನದ ಸಾಧಾರಣ ಪಾಸ್ 29,650 ಯೆನ್ ಇದ್ದದ್ದು 50,000 ಯೆನ್ ಆಯಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲು ಶಿಂಕಾನ್‌ಸೆನ್‌ನಲ್ಲಿ ಒಂದು ಕಡೆಗೆ ಸುಮಾರು 14,000 ಯೆನ್, ಹೋಗಿ ಬಂದರೆ 28,000. ಅಷ್ಟೇ ಪ್ರಯಾಣ ಮಾಡುವವರಿಗೆ ಪಾಸ್ ಶುದ್ಧ ನಷ್ಟ. ನಿಮ್ಮ ರೈಲು ಗೆಳೆಯ ಒಂದು ವಾರದಲ್ಲಿ ಉತ್ತರದ ಹಾಕೊದಾತೆಯಿಂದ ದಕ್ಷಿಣದ ಕಾಗೋಶಿಮಾವರೆಗೆ ಓಡಾಡುವ ಲೆಕ್ಕದಲ್ಲಿದ್ದರೆ ಅವರಿಗೆ ಲಾಭ. ಅವರವರ ದಾರಿ, ಅವರವರ ಟಿಕೆಟ್, ಅದನ್ನು ಬಾಯಿ ಬಿಟ್ಟು ಹೇಳಿ.

ಇನ್ನೊಂದು ಸಣ್ಣ ತೊಡಕಿದೆ. ಪಾಸ್ ಇರುವವರು ಅತಿ ವೇಗದ ನೊಝೊಮಿ ರೈಲು ಹತ್ತಬೇಕಾದರೆ ಮೇಲೆ ಬೇರೆ ದುಡ್ಡು ಕೊಡಬೇಕು, ಹಿಕಾರಿ ರೈಲಿಗೆ ಹಾಗಿಲ್ಲ. ಕ್ಯೋಟೊಗೆ ನೊಝೊಮಿ ಎರಡೂಕಾಲು ಗಂಟೆ ತೆಗೆದುಕೊಂಡರೆ ಹಿಕಾರಿ ಇಪ್ಪತ್ತು ಇಪ್ಪತ್ತೈದು ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತದೆ. ಎಲ್ಲರೂ ಹಿಕಾರಿಯಲ್ಲೇ ಕೂತು ಹೋಗಿ. ಅಷ್ಟು ನಿಮಿಷಕ್ಕೋಸ್ಕರ ಒಬ್ಬರನ್ನು ಬೇರೆ ರೈಲಿಗೆ ಹತ್ತಿಸುವುದು ಚೆನ್ನಾಗಿರಲ್ಲ. ಸುಯಿಕಾ, ಇಕೊಕಾ ಥರದ, ದುಡ್ಡು ತುಂಬಿಟ್ಟು ಗೇಟಿನಲ್ಲಿ ಮುಟ್ಟಿಸುವ ಕಾರ್ಡ್ ಒಬ್ಬರಿಗೆ ಒಂದು ಬೇಕೇ ಬೇಕು, ಒಂದೇ ಕಾರ್ಡ್ ಮುಟ್ಟಿಸಿ ಇಬ್ಬರು ಗೇಟ್ ದಾಟಲು ಆಗುವುದಿಲ್ಲ. ದೊಡ್ಡ ಸೂಟ್‌ಕೇಸ್ ತರುವವರಿಗೂ ಮೊದಲೇ ಹೇಳಿಡಿ: ಉದ್ದ, ಅಗಲ, ಎತ್ತರ ಕೂಡಿಸಿದರೆ 160 ಸೆಂಟಿಮೀಟರ್ ದಾಟುವ ಲಗೇಜ್ ಇದ್ದರೆ ಈ ಮಾರ್ಗದ ಶಿಂಕಾನ್‌ಸೆನ್‌ನಲ್ಲಿ ಅದಕ್ಕೆಂದೇ ಇರುವ ಸೀಟು ಕಾದಿರಿಸಬೇಕು. ಅದರ ಬದಲು ಹೋಟೆಲ್‌ನಿಂದ ಹೋಟೆಲ್‌ಗೆ ತಕ್ಕ್ಯೂಬಿನ್ ಸೇವೆಯಲ್ಲಿ ಕಳಿಸಿಬಿಟ್ಟರೆ ಸಾಮಾನ್ಯವಾಗಿ ಮಾರನೇ ದಿನ ತಲುಪುತ್ತದೆ, ಕೈ ಬೀಸಿಕೊಂಡು ನಡೆಯಬಹುದು.

ರೂಮಿನ ವಿಷಯಕ್ಕೆ ಬರೋಣ. ಮೊದಲ ಎರಡು ರಾತ್ರಿ ಬೇರೆ ಬೇರೆ ಸಿಂಗಲ್ ರೂಮ್ ಮಾಡಿ, ದಯವಿಟ್ಟು. ಪರದೆಯ ಮೇಲೆ ನೋಡಿದ ಮನುಷ್ಯ ರಾತ್ರಿ ಗೊರಕೆ ಹೊಡೆಯುತ್ತಾನಾ, ಬೆಳಗ್ಗೆ ಮಾತಾಡಿಸಿದರೆ ಸಿಡುಕುತ್ತಾನಾ ಅಂತ ನಿಮಗೆ ಗೊತ್ತಿಲ್ಲ, ವಿಮಾನದ ಸುಸ್ತು ಬೇರೆ ಇರುತ್ತದೆ. ಅಲ್ಲಿನ ಬಿಸಿನೆಸ್ ಹೋಟೆಲ್ ರೂಮುಗಳು ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗ ಇಲ್ಲದಷ್ಟು ಚಿಕ್ಕವು. ಇಬ್ಬರ ಹೆಸರಲ್ಲಿ ರೂಮ್ ಮಾಡಿ ಮೂವರು ಮಲಗುವ ಉಪಾಯವೂ ನಡೆಯಲ್ಲ, ಬೆಲೆ ಹೆಚ್ಚಾಗಿ ತಲೆ ಲೆಕ್ಕದಲ್ಲೇ ಇರುತ್ತದೆ, ವಿದೇಶಿ ಪ್ರವಾಸಿಗಳು ಪಾಸ್‌ಪೋರ್ಟ್ ತೋರಿಸಲೇಬೇಕು.

ಆದರೆ ಒಂದು ರಾತ್ರಿ ಮಾತ್ರ ಬಿಸಿನೀರಿನ ಬುಗ್ಗೆಯ ಊರಿನ ಸಾಂಪ್ರದಾಯಿಕ ವಸತಿಗೃಹವಾದ ರ್‍ಯೊಕಾನ್‌ನಲ್ಲಿ ನಾಲ್ಕೂ ಜನ ಒಂದೇ ತಾತಾಮಿ (ಹುಲ್ಲಿನ ಚಾಪೆ ಹಾಸಿದ) ಕೋಣೆಯಲ್ಲಿ ಇರಿ. ಇದನ್ನು ಬಿಡಬೇಡಿ. ಸಂಜೆ ಊಟದ ಹೊತ್ತಿಗೆ ನೀವು ಹೊರಗೆ ಹೋದಾಗ ಅವರು ಬಂದು ನೆಲದ ಮೇಲೆ ಸಾಲಾಗಿ ಹಾಸಿಗೆ ಹಾಸಿಟ್ಟಿರುತ್ತಾರೆ, ಆ ರಾತ್ರಿ ನಡೆಯುವ ಮಾತು ಮೂರು ವರ್ಷದ ವಿಡಿಯೊ ಕಾಲ್‌ಗಳಲ್ಲೂ ನಡೆದಿರಲ್ಲ. ಎರಡು ಎಚ್ಚರಿಕೆ ಇವೆ. ಅಲ್ಲಿ ರಾತ್ರಿ ಊಟಕ್ಕೆ ನಿಗದಿಯಾದ ಹೊತ್ತು ಇರುತ್ತದೆ, ತಡವಾಗಿ ಬಂದರೆ ಅಡುಗೆಯವರಿಗೆ ಅವಮಾನ ಮಾಡಿದ ಹಾಗೆ, ಆದ್ದರಿಂದ ಇನ್ನೊಂದೇ ಒಂದು ರೈಲು ನೋಡಿ ಬರ್ತೀನಿ ಅನ್ನುವ ಗೆಳೆಯನಿಗೆ ಆ ದಿನ ಬಿಡುವಿಲ್ಲ. ಸಾಮೂಹಿಕ ಸ್ನಾನಕ್ಕೆ ಮೈಮೇಲೆ ಬಟ್ಟೆ ಇಲ್ಲದೆ ಇಳಿಯಬೇಕು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಕೊಳ ಇದ್ದರೂ ಮೊದಲ ಸಲ ಭೇಟಿಯಾದ ಗೆಳೆಯರೆದುರು ಮುಜುಗರ ಆಗುವುದು ಸಹಜ. ಆಗಲ್ಲ ಅನ್ನಿಸಿದರೆ ಮೊದಲೇ ಹೇಳಿಬಿಡಿ, ಬಾಗಿಲು ಹಾಕಿಕೊಂಡು ಒಬ್ಬರೇ ಮೀಯುವ ಕೊಳವನ್ನು ಗಂಟೆ ಲೆಕ್ಕಕ್ಕೆ ಕೊಡುವ ಮನೆಗಳೂ ಇವೆ. ಹಚ್ಚೆ ಇದ್ದವರು ಬುಕ್ ಮಾಡುವ ಮುಂಚೆ ವಿಚಾರಿಸಬೇಕು, ಎಷ್ಟೋ ಕಡೆ ಬಿಡುವುದಿಲ್ಲ.

ಇನ್ನುಳಿದ ದಿನ ಹಗಲು ಬೇರೆ, ರಾತ್ರಿ ಊಟ ಒಟ್ಟಿಗೆ. ಕ್ಯೋಟೊದಲ್ಲಿ ಒಬ್ಬರು ದೇಗುಲಕ್ಕೆ ಹೋಗಲಿ, ಒಬ್ಬರು ರೈಲ್ವೆ ಮ್ಯೂಸಿಯಂನಲ್ಲಿ ಹಳೇ ಉಗಿ ಎಂಜಿನ್‌ಗಳ ನಡುವೆ ಕಳೆದುಹೋಗಲಿ, ಒಬ್ಬರು ನಿಶಿಕಿ ಮಾರ್ಕೆಟ್‌ನಲ್ಲಿರಲಿ. ಸಂಜೆ ಹೇಳಿಕೊಳ್ಳಲು ನಾಲ್ಕು ಕಥೆ ಸಿಗುತ್ತವೆ. ಮೊದಲ ಭೇಟಿಯ ಜಾಗ ಮಾತ್ರ ಸರಿಯಾಗಿ ಗೊತ್ತು ಮಾಡಿ. "ಶಿಂಜುಕು ಸ್ಟೇಷನ್‌ನಲ್ಲಿ ಸಿಗೋಣ" ಅನ್ನುವುದು ಒಂದು ಊರಿನ ಹೆಸರು ಹೇಳಿದಷ್ಟೇ ಸರಿ, ಅಲ್ಲಿ ಇನ್ನೂರರಷ್ಟು ಬಾಗಿಲುಗಳಿವೆ. ಟೋಕಿಯೊ ಸ್ಟೇಷನ್‌ನಲ್ಲಿ ಬೆಳ್ಳಿ ಗಂಟೆ ಅನ್ನುವ ಪ್ರಸಿದ್ಧ ಜಾಗ ಇದೆ, ಜನ ಕಾಯುವುದೇ ಅಲ್ಲಿ, ಆದರೆ ಅದು ಟಿಕೆಟ್ ಗೇಟಿನ ಒಳಗಿದೆ. ಒಬ್ಬರು ಒಳಗೆ, ಮೂವರು ಹೊರಗೆ ನಿಂತು ಫೋನ್ ಮಾಡಿಕೊಳ್ಳುವ ಪರಿಸ್ಥಿತಿ ಬೇಡ. ಯಾವ ಗೇಟು, ಒಳಗೋ ಹೊರಗೋ, ಅಷ್ಟನ್ನೂ ಬರೆದು ಕಳಿಸಿ.

ಪ್ರಶ್ನೆ: ಕ್ಯೋಟೊದಲ್ಲಿ ನನಗೊಬ್ಬಳು ಆನ್‌ಲೈನ್ ಗೆಳತಿ ಇದ್ದಾಳೆ. ತುಂಬ ಆತ್ಮೀಯಳು. ಮಾರ್ಚ್ ಕೊನೆಗೆ ಹೂವು ನೋಡಲು ಬರ್ತೀನಿ, ಐದು ದಿನ ನಿಮ್ಮನೇಲೇ ಇರ್ತೀನಿ, ನೀನೇ ಊರೆಲ್ಲ ತೋರಿಸಬೇಕು ಅಂತ ಬರೆದೆ. "ನೋಡೋಣ, ಸಾಧ್ಯವಾದರೆ ಚೆನ್ನಾಗಿರುತ್ತೆ" ಅಂದಳು. ಆಮೇಲೆ ಚಾಟ್ ಆ್ಯಪ್ ಲೈನ್‌ನಲ್ಲಿ ಸಂದೇಶ ಓದಿದ ಗುರುತು ಬರುತ್ತೆ, ಉತ್ತರ ಬರಲ್ಲ. ನಾನು ಬರೋದು ಅವಳಿಗೆ ಇಷ್ಟ ಇಲ್ವಾ?

ಉತ್ತರ: ನೀವು ಬರೋದು ಇಷ್ಟ ಇರಬಹುದು. ಐದು ದಿನ ಮನೇಲಿ ಇರೋದು ಆಗಲ್ಲ. "ನೋಡೋಣ" ಅಂದಾಗಲೇ ಉತ್ತರ ಬಂದಾಯಿತು, ಅವಳು ಅದನ್ನು ನಿಮ್ಮ ಮನಸ್ಸು ನೋಯದ ಹಾಗೆ ಹೇಳಿದ್ದಾಳೆ. ಅಲ್ಲಿ ಬಹಳ ಜನ ಹಾಗೇ ಹೇಳುವುದು.

ನೀವು ಹೇಳಿರುವ ವಾರ ಯಾವುದು ನೋಡಿ. ಜಪಾನಿನಲ್ಲಿ ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಏಪ್ರಿಲ್ 1ಕ್ಕೆ ಹೊಸದು ಶುರು. ಶಾಲೆ ಕಾಲೇಜಿನ ವರ್ಷವೂ ಹಾಗೇ. ಹೊಸ ನೌಕರರು ಸೇರುವುದು, ವರ್ಗಾವಣೆ ಆಗುವುದು, ಜನ ಮನೆ ಬದಲಾಯಿಸುವುದು, ಆಫೀಸಿನ ಲೆಕ್ಕ ಮುಗಿಸುವುದು ಎಲ್ಲ ಅದೇ ಹದಿನೈದು ದಿನದಲ್ಲಿ. ಟೋಕಿಯೊ, ಕ್ಯೋಟೊಗಳಲ್ಲಿ ಚೆರ್ರಿ ಹೂವು ಅರಳುವುದೂ ಹೆಚ್ಚುಕಡಿಮೆ ಆಗಲೇ. ಹೊರಗಿನಿಂದ ಬರುವವರಿಗೆ ಅದು ಹಬ್ಬ, ಅಲ್ಲಿ ಕೆಲಸ ಮಾಡುವವರಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ನಗರದ ಮನೆಗಳೂ ಚಿಕ್ಕವು, ಮನೆಯಲ್ಲಿ ಬೇರೆಯವರೂ ಇರಬಹುದು, ಅವರ ಒಪ್ಪಿಗೆಯೂ ಬೇಕು ಅಲ್ವಾ?

ಇಷ್ಟು ಮಾಡಿ. ಹೋಟೆಲ್ ಬುಕ್ ಮಾಡಿ, ಮಾಡಿದ್ದೀನಿ ಅಂತ ಅವಳಿಗೆ ಬರೆಯಿರಿ. ಇಂಥ ದಿನದಿಂದ ಇಂಥ ದಿನದವರೆಗೆ ಇರ್ತೀನಿ, ನಿನಗೆ ಬಿಡುವಾದರೆ ಒಂದು ಸಂಜೆ ಒಟ್ಟಿಗೆ ಊಟ ಮಾಡೋಣ, ಆಗದಿದ್ದರೂ ಬೇಜಾರಿಲ್ಲ ಅನ್ನಿ. ಮಾರನೇ ದಿನವೇ ಉತ್ತರ ಬಂದರೂ ಆಶ್ಚರ್ಯ ಇಲ್ಲ, ಅವಳ ತಲೆ ಮೇಲಿನ ದೊಡ್ಡ ಭಾರ ಇಳಿದಿರುತ್ತದೆ. ಹೋಗುವಾಗ ಸಣ್ಣದೊಂದು ಉಡುಗೊರೆ ಒಯ್ಯಿರಿ. ದುಬಾರಿಯದು ಬೇಡ, ಅಷ್ಟೇ ಬೆಲೆಯದನ್ನು ತಿರುಗಿ ಕೊಡಬೇಕಲ್ಲ ಅಂತ ಅವಳಿಗೆ ಹೊರೆಯಾಗುತ್ತದೆ. ಮಾಂಸದ ಪದಾರ್ಥ ಯಾವುದೂ ಬೇಡ, ಉಡುಗೊರೆ ಅಂದರೂ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಊಟದ ಬಿಲ್ಲನ್ನು ಹಂಚಿಕೊಳ್ಳುವುದು ಅಲ್ಲಿ ಗೆಳೆಯರ ನಡುವೆ ಮಾಮೂಲು, ಟಿಪ್ಸ್ ಇಡುವ ಪದ್ಧತಿ ಇಲ್ಲ.

ಓದಿದ ಗುರುತಿನ ಬಗ್ಗೆ ಒಂದು ಮಾತು. ಅದನ್ನೇ ನೋಡುತ್ತಾ ಕೂತರೆ ಯಾವ ಗೆಳೆತನವೂ ಉಳಿಯಲ್ಲ.

ಪ್ರಶ್ನೆ: ಟೋಕಿಯೊದಲ್ಲಿ ಇದ್ದೀನಿ ಅನ್ನುವ ಗೆಳೆಯರೊಬ್ಬರು ವೀಸಾಕ್ಕೆ ಆಹ್ವಾನ ಪತ್ರ ಕಳಿಸ್ತೀನಿ ಅಂದಿದ್ದಾರೆ. ಪಾಸ್‌ಪೋರ್ಟ್ ಫೋಟೊ ಕೇಳಿದ್ದಾರೆ, ಜೊತೆಗೆ "ಸರ್ಕಾರಿ ಶುಲ್ಕ" ಅಂತ ಸ್ವಲ್ಪ ದುಡ್ಡು. ಕೊಡಬಹುದಾ?

ಉತ್ತರ: ದುಡ್ಡು ಕೊಡಬೇಡಿ. ಒಂದು ಯೆನ್ ಕೂಡ.

ಗೆಳೆಯರನ್ನು ನೋಡಲು ಹೋಗುವ ಅಲ್ಪಾವಧಿ ವೀಸಾಕ್ಕೆ ಅಲ್ಲಿರುವವರು ಆಹ್ವಾನದ ಕಾರಣ ತಿಳಿಸುವ ಪತ್ರ ಬರೆದುಕೊಡಬೇಕಾಗುತ್ತದೆ, ನಿಮ್ಮ ಖರ್ಚನ್ನೂ ಅವರೇ ವಹಿಸಿಕೊಳ್ಳುವುದಾದರೆ ಹೊಣೆ ಹೊರುವ ಪತ್ರವೂ ಬೇಕು. ಇದರ ನಮೂನೆಗಳು ಜಪಾನ್ ವಿದೇಶಾಂಗ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅವರೇ ತುಂಬಿ ನಿಮಗೆ ಕಳಿಸುವುದು, ನೀವು ಅರ್ಜಿ ಜೊತೆ ಕೊಡುವುದು. ಆ ಪತ್ರಕ್ಕೆ ಅವರು ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. ಹಾಗಿರುವಾಗ ಶುಲ್ಕ ಅಂತ ಕೇಳುವವರ ಮೇಲೆ ನನಗೆ ನಂಬಿಕೆ ಬರುವುದಿಲ್ಲ. ಪತ್ರ ತುಂಬಲು ಅವರಿಗೆ ಬೇಕಾಗುವುದು ನಿಮ್ಮ ಹೆಸರು, ಹುಟ್ಟಿದ ದಿನಾಂಕ, ಕೆಲಸ, ಇಷ್ಟು ವಿವರ. ಪಾಸ್‌ಪೋರ್ಟ್‌ನ ಪೂರ್ತಿ ಫೋಟೊ ಯಾಕೆ?

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಗೆಳೆಯರು ಕರೆದಿದ್ದಾರೆ ಅಂತ ಅರ್ಜಿ ಹಾಕಿದರೆ ಆ ಗೆಳೆತನಕ್ಕೂ ಆಧಾರ ಕೇಳುತ್ತಾರೆ. ಪತ್ರ, ಇಮೇಲ್, ಜೊತೆಗಿರುವ ಫೋಟೊ, ಫೋನ್ ಕರೆಗಳ ದಾಖಲೆ, ಇಂಥವು. ನಿಮ್ಮಿಬ್ಬರ ಹರಟೆಗೆ ಅಲ್ಲಿ ನಿಜಕ್ಕೂ ಬೆಲೆ ಇದೆ. ಆದರೆ ನೀವು ಸ್ವಂತ ಖರ್ಚಲ್ಲಿ ಪ್ರವಾಸಕ್ಕೆ ಹೋಗುವುದಾದರೆ ಯಾರ ಆಹ್ವಾನವೂ ಇಲ್ಲದೆ ಪ್ರವಾಸಿ ವೀಸಾಕ್ಕೇ ಅರ್ಜಿ ಹಾಕಬಹುದು. ಹಾಗೆ ಮಾಡ್ತೀನಿ ಅಂತ ಆ ಗೆಳೆಯರಿಗೆ ಹೇಳಿ ನೋಡಿ. ಸಂತೋಷ ಪಟ್ಟರೆ ಗೆಳೆಯರು, ಒತ್ತಾಯ ಮಾಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಪ್ರಶ್ನೆ: ಗುಂಪಿನಲ್ಲಿ ಯಾರಾದರೂ ಜಪಾನ್‌ಗೆ ಹೊರಟರೆ ಸಾಕು, ಪಟ್ಟಿ ಶುರು. ಅದು ತನ್ನಿ, ಇದು ತಲುಪಿಸಿ. ಈಗ ಒಸಾಕಾದಲ್ಲಿ ನೆಲೆಸಿರುವ ಗೆಳೆಯ, "ನಿಮ್ಮ ಪಾಸ್‌ಪೋರ್ಟ್ ತೋರಿಸಿ ತೆರಿಗೆ ಇಲ್ಲದೆ ನನಗೊಂದು ಕ್ಯಾಮೆರಾ ಕೊಡಿಸಿ" ಅಂತಿದ್ದಾನೆ. ಇನ್ನೊಬ್ಬರು ಅವನಿಗೆ ಕೊಡಲು ಮಾತ್ರೆಗಳ ಪೊಟ್ಟಣ ಕೊಟ್ಟಿದ್ದಾರೆ. ಇಲ್ಲ ಅನ್ನೋಕೆ ಮನಸ್ಸು ಬರ್ತಿಲ್ಲ.

ಉತ್ತರ: ಎರಡಕ್ಕೂ ಇಲ್ಲ ಅನ್ನಿ.

ತೆರಿಗೆ ವಿನಾಯಿತಿ ಇರುವುದು ಆ ವಸ್ತುವನ್ನು ಜಪಾನಿನಿಂದ ಆಚೆ ತೆಗೆದುಕೊಂಡು ಹೋಗುವವರಿಗೆ. ಅಲ್ಲೇ ವಾಸಿಸುವವನಿಗೆ ಅದನ್ನು ಕೊಟ್ಟರೆ ಕಾನೂನು ಮುರಿದ ಹಾಗೆ, ಖರೀದಿ ದಾಖಲಾಗಿರುವುದು ನಿಮ್ಮ ಪಾಸ್‌ಪೋರ್ಟ್ ಮೇಲೆ, ಹೊರಡುವಾಗ ಕಸ್ಟಮ್ಸ್‌ನವರು ಕ್ಯಾಮೆರಾ ಎಲ್ಲಿ ಅಂತ ಕೇಳಿದರೆ ಶೇಕಡಾ 10ರ ತೆರಿಗೆ ಕಟ್ಟುವವರೂ ನೀವೇ. ಗೆಳೆಯ ಉಳಿಸುವುದು ಆ ಶೇಕಡಾ 10 ಮಾತ್ರ. ಅಷ್ಟಕ್ಕೆ ನಿಮ್ಮನ್ನು ಸಿಕ್ಕಿಸುವುದು ಅವನಿಗೂ ಶೋಭೆ ಅಲ್ಲ.

ಮಾತ್ರೆಯ ಪೊಟ್ಟಣ ಇದಕ್ಕಿಂತ ಗಂಭೀರ. ಔಷಧಿ ವಿಷಯದಲ್ಲಿ ಜಪಾನ್ ಬಹಳ ಬಿಗಿ. ಬೇರೆ ದೇಶಗಳಲ್ಲಿ ವೈದ್ಯರೇ ಬರೆದುಕೊಡುವ ಆಂಫೆಟಮಿನ್ ಥರದ ಮಾತ್ರೆಗಳು ಅಲ್ಲಿ ಚೀಟಿ ಇದ್ದರೂ ನಿಷಿದ್ಧ. ಮೂಗು ಕಟ್ಟಿದರೆ ನುಂಗುವ ಸೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಅದೂ ಒಳಗೆ ಬರುವ ಹಾಗಿಲ್ಲ. ನಿಮ್ಮ ಸ್ವಂತಕ್ಕೆ ವೈದ್ಯರು ಬರೆದುಕೊಟ್ಟ ಸಾಮಾನ್ಯ ಔಷಧಿಯನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು, ಅದಕ್ಕಿಂತ ಜಾಸ್ತಿಗೆ ಮೊದಲೇ ಅನುಮತಿ ಬೇಕು. ಇದೆಲ್ಲ ನಿಮ್ಮ ಸ್ವಂತದ ಔಷಧಿಗೆ. ಇನ್ನೊಬ್ಬರಿಗೆ ಅಂತ, ಇನ್ನೊಬ್ಬರು ಕಟ್ಟಿಕೊಟ್ಟದ್ದನ್ನು ಹೊತ್ತುಕೊಂಡು ಹೋಗುವ ಮಾತೇ ಇಲ್ಲ. ಕಳಿಸಿದವರು ಒಳ್ಳೆಯವರೇ ಇರಬಹುದು, ನಿಯಮ ಅವರಿಗೆ ತಿಳಿದಿರಲಿಕ್ಕಿಲ್ಲ. ನಾಳೆಯೇ ವಾಪಸ್ ಕೊಡಿ.

ಪ್ರಶ್ನೆ: ಗೆಳತಿಯೊಬ್ಬಳು ಜಪಾನಿನ ಒಂದು ಸಣ್ಣ ಊರಿನ ಸಾರ್ವಜನಿಕ ಸ್ನಾನದ ಮನೆ ಬಗ್ಗೆ ನನಗೊಬ್ಬಳಿಗೇ ಹೇಳಿದ್ದಳು. ನಾನು ಹೋಗಿ ಬಂದು ಫೋಟೊ, ನಕ್ಷೆ ಎಲ್ಲ ಹಾಕಿದೆ. ಜನ ತುಂಬ ಮೆಚ್ಚಿದರು. ಅವಳು ಮಾತು ಬಿಟ್ಟಿದ್ದಾಳೆ. ಜಾಗ ಯಾರಪ್ಪನ ಆಸ್ತಿ, ಹೇಳಿ?

ಉತ್ತರ: ಯಾರದ್ದೂ ಅಲ್ಲ ಅನ್ನಬೇಡಿ, ಅದು ಆ ಊರಿನವರದ್ದು. ನಾನು ನಿಮ್ಮ ಗೆಳತಿಯ ಕಡೆಗಿದ್ದೇನೆ.

ಫುಜಿ ಬೆಟ್ಟದ ಬುಡದಲ್ಲಿ ಫುಜಿಕಾವಾಗುಚಿಕೊ ಅಂತ ಊರಿದೆ. ಅಲ್ಲಿನ ಒಂದು ಲಾಸನ್ ಅಂಗಡಿಯ ಮಾಡಿನ ಮೇಲೆ ಫುಜಿ ಬೆಟ್ಟ ಕೂತ ಹಾಗೆ ಕಾಣುತ್ತದೆ ಅಂತ ಫೋಟೊಗಳು ಹರಡಿದವು. ಜನ ಮುಗಿಬಿದ್ದರು. ರಸ್ತೆಗೆ ಅಡ್ಡ ಬರುವುದು, ಎದುರಿನ ಖಾಸಗಿ ಜಾಗಕ್ಕೆ ನುಗ್ಗುವುದು, ಕಸ ಬಿಸಾಡುವುದು ಜಾಸ್ತಿಯಾಗಿ ಕೊನೆಗೆ 2024ರ ಮೇ ತಿಂಗಳಲ್ಲಿ ಊರಿನ ಆಡಳಿತವೇ ಎರಡೂವರೆ ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿ ಬೆಟ್ಟವನ್ನೇ ಮರೆಮಾಡಿತು. ಆಗಸ್ಟ್‌ನಲ್ಲಿ ಪರದೆ ತೆಗೆದರು, ಆದರೆ ಆ ಊರು ಅಲ್ಲಿಯವರೆಗೆ ಹೋಗಬೇಕಾಯಿತಲ್ಲ. ಕ್ಯೋಟೊದ ಗಿಯೊನ್‌ನಲ್ಲೂ ಅದೇ ವರ್ಷ ಖಾಸಗಿ ಓಣಿಗಳಿಗೆ ಪ್ರವಾಸಿಗಳು ಕಾಲಿಡಬಾರದು, ಕಾಲಿಟ್ಟರೆ 10,000 ಯೆನ್ ದಂಡ ಅಂತ ಫಲಕ ಹಾಕಿದರು. ಹಾಡು ನೃತ್ಯದ ಕಲಾವಿದೆಯರಾದ ಗೇಶಾ, ಆ ಕಲೆ ಕಲಿಯುತ್ತಿರುವ ಮೈಕೊ ಹೆಣ್ಣುಮಕ್ಕಳ ಹಿಂದೆ ಕ್ಯಾಮೆರಾ ಹಿಡಿದು ಓಡುವವರ ಕಾಟ ಅಷ್ಟಿತ್ತು.

ಇವು ದೊಡ್ಡ ಊರುಗಳು, ಹೇಗೋ ತಡೆದುಕೊಳ್ಳುತ್ತವೆ. ಹತ್ತು ಜನ ಕೂರುವ ಸ್ನಾನದ ಮನೆ ತಡೆದುಕೊಳ್ಳಲ್ಲ. ಅಲ್ಲಿ ದಿನಾ ಬರುವ ಮುದುಕರಿಗೆ ಅದು ಮನೆಯ ಬಚ್ಚಲಿದ್ದ ಹಾಗೆ. ನಿಮ್ಮ ಗೆಳತಿ ಆ ಮನೆಯವರ ವಿಶ್ವಾಸ ಗಳಿಸಿ, ನಿಮ್ಮನ್ನು ನಂಬಿ ಹೇಳಿದ್ದು. ನಕ್ಷೆ ತೆಗೆಯಿರಿ, ಊರಿನ ಹೆಸರು ತೆಗೆಯಿರಿ, ಆಮೇಲೆ ಅವಳಿಗೆ ಬರೆಯಿರಿ. ಮೊದಲು ತೆಗೆದು ನಂತರ ಬರೆಯಬೇಕು, ತೆಗೀಲಾ ಅಂತ ಕೇಳುತ್ತಾ ಕೂರಬೇಡಿ.

ಪ್ರಶ್ನೆ: ನೋಟೊ ಭೂಕಂಪ ಆದಾಗ ಆ ಕಡೆ ಇರುವ ನಮ್ಮ ಗೆಳತಿಗೆ ಗುಂಪಿನವರೆಲ್ಲ ಒಂದೇ ಸಮ ಫೋನ್, ಮೆಸೇಜ್ ಮಾಡಿದೆವು. ಅವಳು ಎರಡು ದಿನ ಬಿಟ್ಟು ಚುಟುಕಾಗಿ ಉತ್ತರಿಸಿದಳು. ನಮ್ಮ ಕಾಳಜಿ ಅವಳಿಗೆ ಹಿಂಸೆ ಆಯ್ತಾ ಅಂತ ಇನ್ನೂ ಕೊರಗು.

ಉತ್ತರ: ಕಾಳಜಿ ತಪ್ಪಲ್ಲ. ಆ ಹೊತ್ತನ್ನು ಒಮ್ಮೆ ನೆನೆಸಿಕೊಳ್ಳಿ. 2024ರ ಜನವರಿ 1, ಸಂಜೆ ನಾಲ್ಕು ದಾಟಿತ್ತು, ಹೊಸ ವರ್ಷಕ್ಕೆ ಊರಿಗೆ ಬಂದ ಮಕ್ಕಳು ಮೊಮ್ಮಕ್ಕಳು ಎಲ್ಲ ಮನೆಯಲ್ಲೇ ಇದ್ದರು. 7.6 ತೀವ್ರತೆಯ ಕಂಪನ, ಹಿಂದೆಯೇ ಸುನಾಮಿ ಎಚ್ಚರಿಕೆ. ನೋಟೊದ ವಾಜಿಮಾ ಪಟ್ಟಣದ ಹೆಸರಾಂತ ಬೆಳಗಿನ ಸಂತೆಯ ಬೀದಿ ಬೆಂಕಿಗೆ ಸುಟ್ಟುಹೋಯಿತು. ಅಂಥ ರಾತ್ರಿ ಫೋನಿನಲ್ಲಿ ಉಳಿದ ಚಾರ್ಜ್ ಮನೆಯವರನ್ನು ಹುಡುಕಲು ಬೇಕು, ನೂರು ಜನಕ್ಕೆ "ಚೆನ್ನಾಗಿದ್ದೀನಿ" ಅನ್ನಲು ಅಲ್ಲ.

ಮುಂದಿನ ಸಲಕ್ಕೆ (ಜಪಾನಿನಲ್ಲಿ ಮುಂದಿನ ಸಲ ಇದ್ದೇ ಇದೆ) ಗುಂಪಿನಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ. ಮೊದಲು ಅವಳ ಊರಿನಲ್ಲಿ ಎಷ್ಟು ಅಲುಗಿತು ನೋಡಿ. ಹೊರಗಿನವರು ತೀವ್ರತೆಯ ಸಂಖ್ಯೆ ನೋಡಿ ಗಾಬರಿಯಾಗುತ್ತಾರೆ, ಜಪಾನಿನವರು ನೋಡುವುದು ಶಿಂದೊ, ಅಂದರೆ ಒಂದೊಂದು ಜಾಗದಲ್ಲಿ ನೆಲ ಎಷ್ಟು ನಡುಗಿತು ಅನ್ನುವ ಅಳತೆ. ಅದು 0ಯಿಂದ 7ರವರೆಗೆ ಇದೆ. ಹವಾಮಾನ ಇಲಾಖೆಯ ವೆಬ್‌ಸೈಟ್‌ನಲ್ಲಿ, ಸುದ್ದಿವಾಹಿನಿ ಎನ್‌ಎಚ್‌ಕೆ ವರ್ಲ್ಡ್‌ನಲ್ಲಿ ಕೆಲವೇ ನಿಮಿಷದಲ್ಲಿ ಬರುತ್ತದೆ. ಅವಳ ಊರಿನಲ್ಲಿ 3 ಅಂತಿದ್ದರೆ ಕಪಾಟಿನ ಪಾತ್ರೆ ಗಲಗಲ ಅಂದಿರುತ್ತದೆ, ಅಷ್ಟೇ. 6, 7 ಅಂತಿದ್ದರೆ ಒಬ್ಬರೇ ಒಬ್ಬರು ಗುಂಪಿನ ಪರವಾಗಿ ಒಂದು ಸಾಲು ಬರೆಯಲಿ: "ನೆನೆಸ್ತಾ ಇದ್ದೀವಿ, ಈಗ ಉತ್ತರ ಬೇಡ." ಕರೆ ಮಾಡಬೇಡಿ.

ಆಮೇಲೆ ಬರುವ ಆರು ತಿಂಗಳು ಇನ್ನೂ ಮುಖ್ಯ. ಸುದ್ದಿಯಲ್ಲಿ ಬರುವುದು ನಿಂತಾಗ ವಿಚಾರಿಸುವವರು ಕಡಿಮೆ. ಮನೆ ರಿಪೇರಿ ಎಲ್ಲಿಗೆ ಬಂತು, ನೀರು ಬಂತಾ, ಅಮ್ಮ ಹೇಗಿದ್ದಾರೆ ಅಂತ ಈಗ ಕೇಳಿ. ವಾಜಿಮಾದ ಅರಗಿನ ಪಾತ್ರೆ ಮಾಡುವ ಕುಶಲಕರ್ಮಿಗಳು ಮತ್ತೆ ಕೆಲಸ ಶುರು ಮಾಡಿದ್ದಾರೆ, ಕೊಳ್ಳುವ ಶಕ್ತಿ ಇದ್ದರೆ ಒಂದು ಬಟ್ಟಲು ಕೊಳ್ಳಿ. 

ಪ್ರಶ್ನೆ: 17 ವರ್ಷದ ಮಗಳು. ಜಪಾನ್ ಇಷ್ಟಪಡುವ ಹುಡುಗಿಯರ ಗುಂಪಿನಲ್ಲಿ ಯಾವಾಗಲೂ ಮಾತು. ಅವರಲ್ಲಿ ಒಬ್ಬಳು ಟೋಕಿಯೊದಲ್ಲಿ ಸೇರೋಣ ಅಂತಿದ್ದಾಳೆ. ಫೋನ್ ಕಿತ್ತಿಟ್ಟುಕೊಳ್ಳಲಾ?

ಉತ್ತರ: ಬೇಡ. ಕಿತ್ತುಕೊಂಡರೆ ಮಾತು ನಿಲ್ಲಲ್ಲ, ನಿಮಗೆ ಹೇಳುವುದು ನಿಲ್ಲುತ್ತೆ. ಆ ಗೆಳತಿಯ ಜೊತೆ, ಸಾಧ್ಯವಾದರೆ ಅವಳ ತಾಯಿ ಅಥವಾ ತಂದೆಯ ಜೊತೆಯೂ ವಿಡಿಯೊ ಕಾಲ್‌ನಲ್ಲಿ ಮಾತಾಡಿ. ಮುಖ ತೋರಿಸದೆ ಪ್ರತಿ ಸಲ ನೆಪ ಹೇಳುವವರ ಜೊತೆ ಭೇಟಿ ಇಲ್ಲ ಅಂತ ಮಗಳಿಗೆ ಕಾರಣ ಸಮೇತ ಹೇಳಿ. ಜಪಾನಿನಲ್ಲಿ 2022ರ ಏಪ್ರಿಲ್‌ನಿಂದ 18 ತುಂಬಿದವರು ವಯಸ್ಕರು, ಆದರೆ ಮದ್ಯ ಮತ್ತು ಸಿಗರೇಟಿಗೆ 20 ಆಗಿರಲೇಬೇಕು. 18ರೊಳಗಿನವರು ಒಬ್ಬರೇ ಬಂದರೆ ಅನೇಕ ಹೋಟೆಲ್‌ಗಳು ತಂದೆತಾಯಿಯ ಒಪ್ಪಿಗೆ ಪತ್ರ ಕೇಳುತ್ತವೆ. ಸಾಧ್ಯವಿದ್ದರೆ ನೀವೂ ಜೊತೆಗೆ ಹೋಗಿ. ಅವರು ಹರಾಜುಕುನಲ್ಲಿ ಅಂಗಡಿ ಸುತ್ತಲಿ, ನೀವು ಪಕ್ಕದ ಮೇಜಿ ಜಿಂಗೂ ದೇಗುಲದ ಮರಗಳ ನೆರಳಲ್ಲಿ ಕೂತಿರಿ.

ಪ್ರಶ್ನೆ: ಗುಂಪಿನಲ್ಲಿ ಎಲ್ಲರೂ ಜಪಾನ್ ನೋಡಿದವರೇ, ನಾನೊಬ್ಬನೇ ಹೋಗಿಲ್ಲ. ಸದ್ಯಕ್ಕೆ ಹೋಗುವಷ್ಟು ದುಡ್ಡೂ ಇಲ್ಲ. "ನೀನು ನೋಡಿದ್ರೆ ಗೊತ್ತಾಗೋದು" ಅಂತ ಒಬ್ಬರು ಅಂದಾಗಿನಿಂದ ಮಾತಾಡೋಕೇ ಹಿಂಜರಿಕೆ. ಬಿಟ್ಟುಬಿಡಲಾ?

ಉತ್ತರ: ಖಂಡಿತ ಬಿಡಬೇಡಿ. ನಿಮ್ಮ ಪತ್ರ ಓದಿ ನನಗೆ ಆ ಮಾತು ಆಡಿದವರ ಮೇಲೆ ಕೋಪ ಬಂತು. ಒಂದು ವಾರ ಹೋಗಿ ನಾಲ್ಕು ಜಾಗದ ಎದುರು ಫೋಟೊ ತೆಗೆಸಿಕೊಂಡವರಿಗಿಂತ ಹತ್ತು ವರ್ಷ ಕೂತು ಓದಿದವರಿಗೆ ಆ ದೇಶ ಹೆಚ್ಚು ತಿಳಿದಿರುತ್ತದೆ. ಜಪಾನಿನಲ್ಲೇ ರೈಲು ವೇಳಾಪಟ್ಟಿಯ ದಪ್ಪ ಪುಸ್ತಕವನ್ನು ಮನೆಯಲ್ಲಿ ಕೂತು ಓದುವ ಹವ್ಯಾಸ ಇರುವವರಿದ್ದಾರೆ. ಇಂಥ ರೈಲು ಇಂಥ ಸ್ಟೇಷನ್‌ನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಅಷ್ಟರಲ್ಲಿ ಇಳಿದು ಊಟದ ಡಬ್ಬಿ ಕೊಂಡು ಹತ್ತಬಹುದಾ ಅಂತ ಕಾಗದದ ಮೇಲೆ ಪ್ರಯಾಣ ಮಾಡುತ್ತಾರೆ. ಜೆಟಿಬಿ ಅನ್ನುವ ಪ್ರವಾಸ ಸಂಸ್ಥೆಯ ವೇಳಾಪಟ್ಟಿ 1925ರಿಂದ ಬರುತ್ತಿದೆ, ಈಗಲೂ ಪ್ರತಿ ತಿಂಗಳು ಅಚ್ಚಾಗುತ್ತದೆ.

ನೀವು ಗುಂಪಿನಲ್ಲಿ ಒಂದು ಕೆಲಸ ಹಿಡಿಯಿರಿ. ಹೂವಿನ ಕಾಲದಲ್ಲಿ ಹೂವಿನ ಸುದ್ದಿ ನಿಮ್ಮದಿರಲಿ. ಟೋಕಿಯೊದಲ್ಲಿ ಹೂವು ಅರಳಿತು ಅಂತ ಅಧಿಕೃತವಾಗಿ ಹೇಳುವುದು ಯಾಸುಕುನಿ ಮಂದಿರದ ಆವರಣದ ಒಂದು ಗೊತ್ತಾದ ಮರದಲ್ಲಿ ಐದಾರು ಹೂವು ಬಿಟ್ಟ ಮೇಲೆ. ಹವಾಮಾನ ಇಲಾಖೆಯವರು ಬಂದು ಎಣಿಸುತ್ತಾರೆ, ಟಿವಿಯವರು ಸುತ್ತ ನಿಂತಿರುತ್ತಾರೆ. ಅದಾಗಿ ಒಂದು ವಾರದ ಹೊತ್ತಿಗೆ ಮರ ತುಂಬ ಹೂವು. ಅಲ್ಲಿಂದ ಹೂವು ಉತ್ತರಕ್ಕೆ ಏರುತ್ತಾ ಹೊಕ್ಕೈದೊ ತಲುಪುವ ಹೊತ್ತಿಗೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಇದನ್ನು ದಿನಾ ನೋಡಿ ಹೇಳುವವರು ಒಬ್ಬರಿದ್ದರೆ ಹೊರಟು ನಿಂತವರಿಗೆ ಎಷ್ಟು ಉಪಕಾರ ಅನ್ನುವುದು ಹೊರಟವರಿಗೇ ಗೊತ್ತು.

ನಾಚಿಕೆ ಬಿಟ್ಟು ಒಂದು ವಸ್ತುವನ್ನು ಕೇಳಿ ಪಡೆಯಿರಿ. ಜಪಾನಿನ ಸಾವಿರಾರು ರೈಲು ನಿಲ್ದಾಣಗಳಲ್ಲಿ ದೊಡ್ಡ ರಬ್ಬರ್ ಮುದ್ರೆ ಇಟ್ಟಿರುತ್ತಾರೆ, ಆ ಊರಿನ ಕೋಟೆಯೋ ಬೆಟ್ಟವೋ ಸೇತುವೆಯೋ ಅದರಲ್ಲಿ ಕೆತ್ತಿರುತ್ತದೆ. 1931ರಲ್ಲಿ ಫುಕುಯಿ ನಿಲ್ದಾಣದಲ್ಲಿ ಶುರುವಾದದ್ದು. ದುಡ್ಡಿಲ್ಲ, ಒಂದು ಕಾಗದ ಇದ್ದರೆ ಸಾಕು. ಹೋಗುವ ಗೆಳೆಯರಿಗೆ ನನ್ನ ಹೆಸರಲ್ಲೂ ಒಂದು ಹಾಳೆ ಒತ್ತಿಕೊಂಡು ಬನ್ನಿ ಅನ್ನಿ. ಇಂಕು ಒಣಗಿದ್ದ ಮುದ್ರೆ ಅರ್ಧ ಮಸುಕಾಗಿ ಬಿದ್ದಿರುತ್ತದೆ, ಮೂಲೆಯಲ್ಲಿ ಗೆಳೆಯನ ಕೈಬರಹದಲ್ಲಿ ತಾರೀಕು ಇರುತ್ತದೆ, ಅದು ಬಹಳ ಚೆನ್ನಾಗಿರುತ್ತದೆ. "ನೋಡಿದ್ರೆ ಗೊತ್ತಾಗೋದು" ಅಂದವರಿಗೆ ಮಾತ್ರ ನೇರವಾಗಿ, ಎಲ್ಲರೆದುರಲ್ಲದೆ ಬೇರೆಯಾಗಿ, ಆ ಮಾತು ನೋಯಿಸಿತು ಅಂತ ಹೇಳಿ. ಬಹಳ ಸಲ ಅಂದವರಿಗೆ ತಾವು ಏನಂದೆವು ಅನ್ನೋದೇ ಗೊತ್ತಿರಲ್ಲ.

ಪ್ರಶ್ನೆ: ಜಪಾನಿನ ಗೆಳೆಯರಿಗೆ ಹೊಸ ವರ್ಷದ ಕಾರ್ಡ್ ಕಳಿಸುವಾಗ ಏನು ಗಮನಿಸಬೇಕು?

ಉತ್ತರ: ಅಲ್ಲಿ ಈ ಕಾರ್ಡುಗಳಿಗೆ ನೆಂಗಾಜೊ ಅಂತಾರೆ. ದೇಶದೊಳಗೆ ಡಿಸೆಂಬರ್ 15ರಿಂದ 25ರೊಳಗೆ ಅಂಚೆಗೆ ಹಾಕಿದರೆ ಜನವರಿ 1ರಂದು ತಲುಪಿಸುತ್ತಾರೆ. ಹೊರದೇಶದಿಂದ ಕಳಿಸುವವರು ಇನ್ನೂ ಬೇಗ ಹಾಕಬೇಕು, ಜನವರಿ 7ರೊಳಗೆ ಸೇರಿದರೆ ಸರಿ. ಒಂದು ವಿಷಯ ಮರೆಯಬೇಡಿ: ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಅವರು ಶುಭಾಶಯ ಕಳಿಸುವುದಿಲ್ಲ, ಉಳಿದವರೂ ಸಾಮಾನ್ಯವಾಗಿ ಅವರಿಗೆ ಕಳಿಸುವುದಿಲ್ಲ, ನವೆಂಬರ್, ಡಿಸೆಂಬರ್ ಹೊತ್ತಿಗೆ ಹಾಗಂತ ಒಂದು ಕಾರ್ಡ್ ಬರೆದು ತಿಳಿಸುತ್ತಾರೆ. ನಿಮಗೆ ಅಂಥದ್ದು ಬಂದರೆ 7ನೇ ತಾರೀಕು ಕಳೆದ ಮೇಲೆ, ಫೆಬ್ರುವರಿ ಶುರುವಿನೊಳಗೆ, ಚಳಿ ಜಾಸ್ತಿ ಇದೆ, ಮೈ ಹುಷಾರು ಅಂತ ಎರಡು ಸಾಲು ಬರೆಯಿರಿ. ಬಣ್ಣ ಬಣ್ಣದ ಚಿತ್ರ ಬೇಡ. ನಿಮ್ಮ ಕೈಯಲ್ಲೇ ಬರೆಯಿರಿ.